ಹಾಡಲು ನಾಚಿದವರ ಕೊನೆಯ ಹಾಡುಗಳು

2014ರ ಮೇ ತಿಂಗಳಲ್ಲಿ ನಾನು ಮಾದ್ರಿದ್ ನಗರದ ಲಾವಾಪಿಯೆಸ್ ಬಡಾವಣೆಯಲ್ಲಿ, ಲಿಫ್ಟ್ ಇಲ್ಲದ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು ಇದ್ದೆ. ಕಂಪನಿಯ ಕೆಲಸದ ಮೇಲೆ ಬೆಂಗಳೂರಿನಿಂದ ಹೋದವನಿಗೆ ಅಲ್ಲಿ ಎರಡು ವರ್ಷಗಳ ವಾಸ. ಮನೆಯ ಒಡತಿಗೆ ಎಪ್ಪತ್ತು ದಾಟಿತ್ತು. ಅವರ ಹುಟ್ಟೂರು ಸ್ಪೇನಿನ ದಕ್ಷಿಣ ತುದಿಯ ಕಾದಿಸ್ ಪ್ರಾಂತ್ಯದಲ್ಲಿತ್ತು. ಒಂದು ಶನಿವಾರ ಬೆಳಿಗ್ಗೆ ಅವರು ಅಡುಗೆಮನೆಯ ಮೇಜಿನ ಮೇಲೆ ಹಳೆಯ ಪತ್ರಿಕೆ ಹಾಸಿಕೊಂಡು, ನಮ್ಮ ಅವರೆಕಾಯಿಯ ಎರಡು ಪಟ್ಟು ಉದ್ದದ ಹಸಿರು ಕಾಯಿಗಳನ್ನು ಸುಲಿಯುತ್ತಿದ್ದರು. ಹಿಂದಿನ ಸಂಜೆ ಕೊಂಡು ತಂದಿದ್ದ ಸೀಡಿಯನ್ನು ನಾನು ಅವರನ್ನು ಕೇಳಿಯೇ ಹಾಕಿದೆ. ಮೊದಲ ಹಾಡಿಗೆ ಅವರು ತಲೆ ಎತ್ತಲಿಲ್ಲ. ಎರಡನೆಯ ಹಾಡಿನ ಮೊದಲ ಸಾಲನ್ನು ಗಿಟಾರು ತೆಗೆಯುತ್ತಿದ್ದಂತೆ ಅವರ ಕೈ ನಿಂತಿತು. ಗಿಟಾರಿನ ಜೊತೆಗೇ, ಅದಕ್ಕಿಂತ ಒಂದು ಕೂದಲೆಳೆ ಹಿಂದೆ, ಅವರು ಹಾಡತೊಡಗಿದರು.

ಆ ಹಾಡಿನ ಹೆಸರು 'ಓಹೋಸ್ ವೆರ್ದೆಸ್', ಎಂದರೆ ಹಸಿರು ಕಣ್ಣುಗಳು. ಒಂದೇ ಸಾಲು ಹಾಡಿ ಅವರು ನಿಲ್ಲಿಸಿ ನಕ್ಕರು. ಆ ಸಾಲಿನಲ್ಲಿ ಹೆಣ್ಣೊಬ್ಬಳು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಾಳೆ. ಯಾವ ಮನೆಯ ಬಾಗಿಲು ಎಂಬುದರಲ್ಲಿ ಎರಡು ಪಾಠಗಳಿವೆ. ಬರೆದವರು ಬರೆದದ್ದು ವೇಶ್ಯೆಯರ ಮನೆಯ ಬಾಗಿಲು ಎಂದು. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಆಳ್ವಿಕೆಯ ಸೆನ್ಸಾರಿನ ಕಾಲದಲ್ಲಿ ಅದು 'ನನ್ನ ಮನೆಯ ಬಾಗಿಲು' ಎಂದಾಯಿತು. "ನಮ್ಮಮ್ಮ ಮನೆಯೊಳಗೆ ಹಾಡುವಾಗ ರೇಡಿಯೋದ ಪಾಠ, ಬಟ್ಟೆ ಒಗೆಯುವ ಕಡೆ ಹಾಡುವಾಗ ಇನ್ನೊಂದು ಪಾಠ," ಎಂದು ಒಡತಿ ಹೇಳಿ, ಮತ್ತೆ ಕಾಯಿ ಸುಲಿಯಲು ತೊಡಗಿದರು. ಸೀಡಿಯಲ್ಲಿ ಎರಡು ಪಾಠಗಳಲ್ಲಿ ಯಾವುದೂ ಇರಲಿಲ್ಲ, ಏಕೆಂದರೆ ಅಲ್ಲಿ ಮಾತೇ ಇರಲಿಲ್ಲ. ದಕ್ಷಿಣ ಸ್ಪೇನಿನ ಸಂಗೀತ ಪ್ರಕಾರವಾದ ಫ್ಲಮೆಂಕೊದ ಮಹಾವಾದಕ ಪಾಕೊ ದೆ ಲುಸೀಯಾ ಅವರ ಗಿಟಾರು ಮಾತನ್ನು ಬಿಟ್ಟು ಧಾಟಿಯನ್ನಷ್ಟೇ ಹಾಡುತ್ತಿತ್ತು. ಆ ಬಾಗಿಲು ಯಾರ ಮನೆಯದು ಎಂಬುದನ್ನು ಕೇಳುವವರೇ ತುಂಬಿಕೊಳ್ಳಬೇಕಿತ್ತು.

ಆ ಆಲ್ಬಮ್ಮಿನ ಹೆಸರು 'ಕಾನ್ಸಿಯೋನ್ ಆಂದಲೂಸಾ', ಅರ್ಥಾತ್ ದಕ್ಷಿಣ ಸ್ಪೇನಿನ ಆಂದಲೂಸಿಯಾ ಸೀಮೆಯ ಹಾಡು. ಅದು ಬಿಡುಗಡೆಯಾದದ್ದು 2014ರ ಏಪ್ರಿಲ್ 29ರಂದು. ಅದಕ್ಕೆ ಎರಡು ತಿಂಗಳ ಹಿಂದೆ, ಫೆಬ್ರವರಿ 25ರಂದು, ಪಾಕೊ ಅವರು ಮೆಕ್ಸಿಕೋದ ಪ್ಲಾಯಾ ದೆಲ್ ಕಾರ್ಮೆನ್ ಊರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದರು. ಅವರಿಗೆ ಆಗ 66 ವರ್ಷ. ದೇಹವನ್ನು ಮಾದ್ರಿದ್‌ಗೆ ತಂದು ರಾಷ್ಟ್ರೀಯ ಸಂಗೀತ ಸಭಾಂಗಣದಲ್ಲಿ ಜನರ ದರ್ಶನಕ್ಕೆ ಇರಿಸಿದ್ದರು. ಮರುದಿನ ಹುಟ್ಟೂರಾದ ಆಲ್ಹೆಸಿರಾಸ್‌ನಲ್ಲಿ ಮಣ್ಣು ಮಾಡಿದರು. ಸಭಾಂಗಣ ನನ್ನ ಕಚೇರಿಯಿಂದ ಮೆಟ್ರೋದಲ್ಲಿ ಇಪ್ಪತ್ತು ನಿಮಿಷದ ದಾರಿ. ಅಂದು ಶುಕ್ರವಾರ, ತಿಂಗಳ ಕೊನೆ, ಬಿಲ್ಲುಗಳ ಲೆಕ್ಕ ಮುಗಿಸಬೇಕಿತ್ತು, ನಾನು ಹೋಗಲಿಲ್ಲ. ಇದನ್ನು ಬರೆಯುವಾಗಲೂ ಅದು ಚುಚ್ಚುತ್ತದೆ.

ಆಲ್ಬಮ್ಮಿನ ಕೆಲಸವನ್ನು ಅವರು ಬದುಕಿದ್ದಾಗಲೇ ಮುಗಿಸಿದ್ದರು. ಹಾಗಾಗಿ ಇದು ಅರ್ಧಕ್ಕೆ ನಿಂತ ಕೃತಿಯಲ್ಲ, ಬೇರೆಯವರು ತುಣುಕು ಜೋಡಿಸಿ ಹೊರತಂದದ್ದೂ ಅಲ್ಲ. ಆದರೆ ಅದನ್ನು ಮಾಡುವಾಗ ಇದು ಕೊನೆಯದು ಎಂಬ ಯೋಚನೆ ಅವರಿಗೆ ಇದ್ದಿರಲು ಕಾರಣವಿಲ್ಲ. ಅದನ್ನು ಕೊನೆಯದಾಗಿಸಿದ್ದು ಸಾವು. ಕೊನೆಯದು ಎಂದುಕೊಂಡೇ ಕೇಳಿದ್ದು ನಾವು. ಅಂದಿನಿಂದ ಇಂದಿನವರೆಗೆ ಆ ಆಲ್ಬಮ್ಮಿನ ಬಗ್ಗೆ ನಾನು ಕೇಳಿಸಿಕೊಂಡ ಮೆಚ್ಚುಗೆ, ನಿರಾಸೆ, ಕಣ್ಣೀರು, ಗೊಣಗಾಟಗಳಲ್ಲಿ ಬಹುಪಾಲು ಆ ಸಾವಿಗೆ ಕೊಟ್ಟ ಉತ್ತರಗಳೇ ಹೊರತು ಆ ಎಂಟು ಹಾಡುಗಳಿಗೆ ಕೊಟ್ಟ ಉತ್ತರಗಳಲ್ಲ ಎಂದು ನನಗೆ ಬರಬರುತ್ತ ಅನ್ನಿಸಿದೆ. ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದ ಆ ಹಿರಿಯರದು ಮಾತ್ರ ಬೇರೆ.

ನಿರಾಸೆಯಿಂದಲೇ ಮೊದಲು ಮಾಡುತ್ತೇನೆ, ಏಕೆಂದರೆ ಅದು ಪ್ರಾಮಾಣಿಕವಾದ ನಿರಾಸೆ. ಅದೇ ಬಡಾವಣೆಯಲ್ಲಿ ಗಿಟಾರು ಕಲಿಸುತ್ತಿದ್ದ ಗೆಳೆಯನೊಬ್ಬನಿದ್ದ, ನನಗಿಂತ ಎರಡು ವರ್ಷ ದೊಡ್ಡವನು, ಹುಟ್ಟಿನಿಂದ ಸೆವಿಯ್ಯಾದವನು. ಆಲ್ಬಮ್ ಬಂದ ದಿನವೇ ಅವನು ಅದನ್ನು ಮೂರು ಸಲ ಕೇಳಿದ್ದ. ಹೇಗಿದೆ ಎಂದು ಕೇಳಿದರೆ, "ಇದರಲ್ಲಿ ಕದಿಯೋದಕ್ಕೆ ಏನೂ ಇಲ್ಲ," ಎಂದ. ಫ್ಲಮೆಂಕೊ ಗಿಟಾರು ಕಲಿಯುವ ದಾರಿ ತಿಳಿದವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ. ಅಲ್ಲಿ ಹಾಡಿನ ಎರಡು ಚರಣಗಳ ನಡುವೆ ಗಿಟಾರು ನುಡಿಸುವ ಪುಟ್ಟ ಸ್ವರಗುಚ್ಛಕ್ಕೆ 'ಫಾಲ್ಸೆತಾ' ಎನ್ನುತ್ತಾರೆ. ಒಬ್ಬ ಗಿಟಾರುವಾದಕನ ಆಸ್ತಿ ಎಂದರೆ ಅವನ ಫಾಲ್ಸೆತಾಗಳು. ಉಳಿದವರು ಅವನ್ನು ಕೇಳಿ, ಬೆರಳಿಗೆ ಬರಿಸಿಕೊಂಡು, ತಮ್ಮದರಲ್ಲಿ ಸೇರಿಸಿಕೊಳ್ಳುತ್ತಾರೆ. ಪಾಕೊ ಅವರೇ ಚಿಕ್ಕಂದಿನಲ್ಲಿ ಅಣ್ಣ ರಾಮೋನ್ ಅವರಿಂದ ಕಲಿತದ್ದು ನೀನ್ಯೊ ರಿಕಾರ್ದೊ ಎಂಬ ಹಿರಿಯ ವಾದಕರ ಫಾಲ್ಸೆತಾಗಳನ್ನು. ಆಮೇಲೆ ಅರ್ಧ ಶತಮಾನ ಕಾಲ ಇಡೀ ಸ್ಪೇನ್ ಪಾಕೊ ಅವರಿಂದ ಕದ್ದಿತು. 1973ರ 'ಫುವೆಂತೆ ಇ ಕೌದಾಲ್', 1976ರ 'ಅಲ್ಮೊರೈಮಾ', 1987ರ 'ಸಿರೋಕೊ', 1990ರ 'ಸಿರಿಯಾಬ್': ಇವು ಬಂದಾಗಲೆಲ್ಲ ಗಿಟಾರು ಹಿಡಿದವರು ಮುಂದಿನ ಕೆಲವು ವರ್ಷಗಳಿಗೆ ಸಾಕಾಗುವಷ್ಟು ಮೇವು ಹೊತ್ತುಕೊಂಡು ಹೋಗುತ್ತಿದ್ದರು.

ಅವರ ಹೊಸ ರಚನೆಗಳ ಸ್ಟುಡಿಯೋ ಆಲ್ಬಮ್ ಕೊನೆಯ ಬಾರಿ ಬಂದದ್ದು 2004ರಲ್ಲಿ, 'ಕೊಸೀತಾಸ್ ಬುವೆನಾಸ್' ಎಂಬ ಹೆಸರಿನಲ್ಲಿ. ಹತ್ತು ವರ್ಷ ಕಾದ ಮೇಲೆ, ಅದೂ ಅವರು ಸತ್ತ ಮೇಲೆ ಕೈಗೆ ಸಿಕ್ಕ ಪೆಟ್ಟಿಗೆಯನ್ನು ತೆರೆದರೆ ಒಳಗೆ ಅಜ್ಜಿಯ ಕಾಲದ ರೇಡಿಯೋ ಹಾಡುಗಳು. ಗೆಳೆಯನಿಗೆ ಅದು ಒಪ್ಪಿಗೆಯಾಗಲಿಲ್ಲ. ಅವನ ಲೆಕ್ಕದಲ್ಲಿ ಪಾಕೊ ಅವರ ನಿಜವಾದ ಕೊನೆಯ ಆಲ್ಬಮ್ 'ಕೊಸೀತಾಸ್ ಬುವೆನಾಸ್'. ಇದು ಮನೆಮಂದಿಯ ಮುಂದೆ ಕುಳಿತು ನುಡಿಸಿದ ಒಂದು ಸಂಜೆ, ಅಷ್ಟೇ.

ರೇಡಿಯೋ ಹಾಡು ಎಂದೆನಲ್ಲ, ಅವಕ್ಕೆ ಅಲ್ಲಿನವರು 'ಕೋಪ್ಲಾ' ಎನ್ನುತ್ತಾರೆ. ಕೋಪ್ಲಾ ಫ್ಲಮೆಂಕೊ ಅಲ್ಲ, ಆದರೆ ಅದೇ ಬೀದಿಯದು. ಫ್ಲಮೆಂಕೊ ಗಾಯಕರು ಮೂರು ನಾಲ್ಕು ಸಾಲಿನ ಪದ್ಯವನ್ನು ಹಿಡಿದುಕೊಂಡು ಅದರೊಳಗೆ ಇಳಿಯುತ್ತಾರೆ. ಕೋಪ್ಲಾ ಮೂರು ನಾಲ್ಕು ನಿಮಿಷದಲ್ಲಿ ಒಂದು ಇಡೀ ಕತೆ ಹೇಳಿ ಮುಗಿಸುತ್ತದೆ. ಕೈಬಿಟ್ಟ ಪ್ರೇಮ, ಹಣಕ್ಕೆ ಸೋತು ಪ್ರೀತಿ ಕಳೆದುಕೊಂಡ ಹೆಣ್ಣು, ಬೆಳದಿಂಗಳಲ್ಲಿ ಸಾಲಮಾಂಕಾದ ಹೊಲದಲ್ಲಿ ಗೂಳಿಯನ್ನು ಎದುರಿಸುವ ಬಡ ಹುಡುಗ. ಈ ಕತೆಗಳನ್ನು ಬರೆದವರಲ್ಲಿ ದೊಡ್ಡ ಹೆಸರು ರಫಾಯೆಲ್ ದೆ ಲೆಯೋನ್. ಧಾಟಿ ಹಾಕಿದವರಲ್ಲಿ ಮಾನುಯೆಲ್ ಕಿರೋಗಾ. 1930ರ ದಶಕದಲ್ಲೇ ಈ ಪ್ರಕಾರ ಅರಳಿತ್ತು, ಆದರೆ ಅಂತರ್ಯುದ್ಧ ಮುಗಿದ ಮೇಲೆ ಫ್ರಾಂಕೊ ಸರ್ಕಾರ ಅದನ್ನು ತನ್ನ ಸ್ಪೇನಿನ ದನಿ ಎಂಬಂತೆ ಮೆರೆಸಿತು. ಇದರ ಫಲವಾಗಿ 1975ರಲ್ಲಿ ಫ್ರಾಂಕೊ ಸತ್ತ ಮೇಲೆ ಬೆಳೆದ ಪೀಳಿಗೆಯ ಅನೇಕರಿಗೆ ಕೋಪ್ಲಾ ಎಂದರೆ ಸರ್ವಾಧಿಕಾರದ ಊದುಬತ್ತಿಯ ವಾಸನೆ. ಗೆಳೆಯನ ಅಪ್ಪ ಮನೆಯಲ್ಲಿ ಅದನ್ನು ಹಾಕಗೊಡುತ್ತಿರಲಿಲ್ಲವಂತೆ.

ಆದರೆ ಅದು ಪೂರ್ತಿ ನ್ಯಾಯವಲ್ಲ. 'ಹಸಿರು ಕಣ್ಣುಗಳು' ಹಾಡನ್ನು ಜನಪ್ರಿಯಗೊಳಿಸಿದವರಲ್ಲಿ ಮಿಗೆಲ್ ದೆ ಮೊಲೀನಾ ಒಬ್ಬರು. ಗಣರಾಜ್ಯದ ಪರವಾಗಿದ್ದ, ಸಲಿಂಗಪ್ರೇಮಿಯಾಗಿದ್ದ ಆ ಗಾಯಕನನ್ನು ಯುದ್ಧ ಮುಗಿದ ಮೇಲೆ ಫ್ರಾಂಕೊ ಪಕ್ಷದವರು ಹಿಡಿದು ಬಡಿದರು. ಕೊನೆಗೆ ಅವರು ಅರ್ಜೆಂಟೀನಾ ಸೇರಿದರು. ಸರ್ಕಾರ ತನ್ನದೆಂದು ಮೆರೆಸಿದ ಹಾಡಿನೊಳಗೆ ಸರ್ಕಾರ ಹೊಡೆದೋಡಿಸಿದವನ ದನಿ ಇತ್ತು, ಸೆನ್ಸಾರು ಅಳಿಸಿದ ಬಾಗಿಲೂ ಇತ್ತು. ಒಗೆಯುವ ಕಲ್ಲಿನ ಬಳಿ ಹೆಂಗಸರು ಹಾಡುತ್ತಿದ್ದದ್ದು ಆ ಬಾಗಿಲನ್ನು. ಸರ್ಕಾರಕ್ಕೂ ಅದರ ವಿರೋಧಿಗಳಿಗೂ ಇದು ತಿಳಿದಿದ್ದರೂ, ಇಬ್ಬರಿಗೂ ಬೇಕಾಗಿರಲಿಲ್ಲ.

ಇನ್ನು ಪಾಕೊ ಅವರಿಗೆ ಈ ಹಾಡುಗಳು ಎಲ್ಲಿಂದ ಬಂದವು? 1947ರ ಡಿಸೆಂಬರಿನಲ್ಲಿ ಹುಟ್ಟಿದವರು ಅವರು. ನಿಜನಾಮ ಫ್ರಾನ್ಸಿಸ್ಕೊ ಸಾಂಚೆಸ್ ಗೋಮೆಸ್. ತಾಯಿ ಲುಸೀಯಾ ಪೋರ್ತುಗಲ್ ಮೂಲದವರು. ಬೀದಿಯಲ್ಲಿ ಪಾಕೊ ಎಂಬ ಹುಡುಗರು ಹಲವರಿದ್ದುದರಿಂದ ಇವನು 'ಲುಸೀಯಾಳ ಪಾಕೊ' ಆದ, ಆ ಹೆಸರೇ ಲೋಕಕ್ಕೆ ಹೋಯಿತು. ಬಂದರಿನ ಊರು, ಬಡ ಮನೆ, ರಾತ್ರಿ ಗಿಟಾರು ನುಡಿಸಿ ಹೊಟ್ಟೆ ಹೊರೆಯುವ ತಂದೆ. ಅಂಥ ಮನೆಗಳಲ್ಲಿ ಆ ದಶಕದಲ್ಲಿ ಹೆಂಗಸರು ಕೆಲಸ ಮಾಡುತ್ತ ಹಾಡುತ್ತಿದ್ದದ್ದು ಕೋಪ್ಲಾಗಳನ್ನೇ. ಎಂದರೆ ಫಾಲ್ಸೆತಾಗಳು ಗಂಡಸರ ಕಡೆಯಿಂದ, ತಂದೆ ಅಣ್ಣಂದಿರಿಂದ ಬಂದವು. ಈ ಹಾಡುಗಳು ಅಡುಗೆಮನೆಯ ಕಡೆಯಿಂದ. ಆಲ್ಬಮ್ಮನ್ನು ನಾನು ಅಡುಗೆಮನೆಯಲ್ಲಿ ಮೊದಲು ಕೇಳಿದ್ದು ಆಕಸ್ಮಿಕವೇ ಆದರೂ, ಅದಕ್ಕೆ ಸರಿಯಾದ ಜಾಗ ಅದೇ ಎಂದು ಈಗಲೂ ಹೇಳುತ್ತೇನೆ.

ಗೆಳೆಯನ ಜೊತೆ ವಾದಕ್ಕೆ ನಿಂತಾಗ ನಾನು ಮುಂದಿಟ್ಟದ್ದು ಇನ್ನೊಂದು ಹಳೆಯ ದಾಖಲೆಯನ್ನು. 1967ರಲ್ಲಿ, ಇನ್ನೂ ಹತ್ತೊಂಬತ್ತರ ಹುಡುಗನಾಗಿದ್ದಾಗ, ಪಾಕೊ ಅವರು ಅಣ್ಣ ರಾಮೋನ್ ಅವರ ಜೊತೆ ಒಂದು ಎಲ್ಪಿ ಮಾಡಿದ್ದರು. ಅದರ ಹೆಸರು 'ಎರಡು ಗಿಟಾರುಗಳಿಗೆ ಆಂದಲೂಸಿಯಾದ ಹಾಡುಗಳು'. ಕೊನೆಯ ಆಲ್ಬಮ್ಮಿನ ಹೆಸರನ್ನು ಅದರ ಪಕ್ಕದಲ್ಲಿಟ್ಟರೆ ಬಹುವಚನ ಏಕವಚನವಾಗಿದೆ, ಎರಡು ಗಿಟಾರು ಎಂಬ ಮಾತು ಬಿದ್ದುಹೋಗಿದೆ. ರಾಮೋನ್ ಅವರು 2009ರಲ್ಲಿ ತೀರಿಕೊಂಡಿದ್ದರು. ಕೊನೆಯ ಆಲ್ಬಮ್ಮಿನ ಹಲವೆಡೆ ಒಂದರ ಮೇಲೊಂದು ಗಿಟಾರಿನ ಪದರಗಳು ಕೇಳಿಸುತ್ತವೆ. ಅಣ್ಣ ಕುಳಿತಿದ್ದ ಜಾಗದಲ್ಲಿ ಇಲ್ಲಿ ತಮ್ಮನೇ ಎರಡನೆಯ ಸಲ ಕುಳಿತಂತೆ. ಇದು ನಾನು ಕಟ್ಟಿದ ಅರ್ಥ, ಪಾಕೊ ಅವರದಲ್ಲ ಎಂದು ಗೆಳೆಯ ಕೂಡಲೇ ನನ್ನ ಬಾಯಿ ಮುಚ್ಚಿಸಿದ. ಅವನು ಹೇಳಿದ್ದು ಸರಿಯೇ. ಆದರೂ 1967ರ ಆ ಎಲ್ಪಿ ಇದ್ದದ್ದು ಅವನಿಗೆ ಗೊತ್ತಿದ್ದೂ ಲೆಕ್ಕಕ್ಕೆ ತಂದಿರಲಿಲ್ಲ ಎಂಬುದನ್ನು ಅವನು ಒಪ್ಪಿಕೊಳ್ಳಬೇಕಾಯಿತು. ಹುಡುಗ ಪಾಕೊ ಅವರಿಗೆ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಮಹಾವಾದಕ ಸಬೀಕಾಸ್ ಅವರು, ಬೇರೆಯವರದನ್ನು ನುಡಿಸಬೇಡ, ನಿನ್ನದೇ ಸಂಗೀತ ಕಟ್ಟು ಎಂದು ಬುದ್ಧಿ ಹೇಳಿದ್ದು ಫ್ಲಮೆಂಕೊ ವಲಯದಲ್ಲಿ ಎಲ್ಲರಿಗೂ ಗೊತ್ತಿರುವ ಕತೆ. ಅದನ್ನು ಜೀವನಪೂರ್ತಿ ಪಾಲಿಸಿದವರು ಕೊನೆಯಲ್ಲಿ ಬೇರೆಯವರ ಧಾಟಿಗಳಿಗೆ ಮರಳಿದರು.

ಇಲ್ಲಿ ಒಂದು ತಮಾಷೆಯನ್ನು ಹೇಳದೆ ಮುಂದೆ ಹೋಗಲಾರೆ. ಪಾಕೊ ಅವರ ಕೇಳುಗರಲ್ಲಿ ಒಂದು ಗುಂಪು ನಲವತ್ತು ವರ್ಷ ಅವರ ಮೇಲೆ ಹೊರಿಸಿದ ಆರೋಪ, ಅವರು ಮನೆ ಬಿಟ್ಟು ಓಡಿಹೋಗುತ್ತಿದ್ದಾರೆ ಎಂಬುದು. ಕೊಳಲು, ಬೇಸ್ ಗಿಟಾರು ಸೇರಿಸಿ ತಂಡ ಕಟ್ಟಿದಾಗ, ಪೆರುವಿನಿಂದ ಕಾಹೋನ್ ಎಂಬ ಮರದ ಪೆಟ್ಟಿಗೆವಾದ್ಯವನ್ನು ತಂದಾಗ, 1980ರ ಡಿಸೆಂಬರಿನ ಒಂದು ರಾತ್ರಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಜಾನ್ ಮೆಕ್‌ಲಾಫ್ಲಿನ್ ಮತ್ತು ಅಲ್ ಡಿ ಮಿಯೋಲಾ ಅವರ ಜೊತೆ ಕುಳಿತು ಮಿಂಚಿನಂತೆ ನುಡಿಸಿದಾಗ, ಪ್ರತಿ ಸಲವೂ ಅದೇ ದೂರು. ಕೊನೆಗೆ ಅವರು ಮನೆಗೇ, ಅದೂ ಮನೆಯ ತೀರ ಒಳಗಿನ ಕೋಣೆಗೆ ಬಂದು ಕುಳಿತಾಗ, ಇನ್ನೊಂದು ಗುಂಪು ಅವರು ಇನ್ನೂ ದೂರ ಹೋಗಬೇಕಿತ್ತು ಎಂದಿತು.

ಹಾಗೆ ನೋಡಿದರೆ ಫ್ಲಮೆಂಕೊ ಕೇಳುಗರ ಮೊದಲ ತೀರ್ಪನ್ನು ನಂಬುವುದೇ ಕಷ್ಟ. 1979ರಲ್ಲಿ ಫ್ಲಮೆಂಕೊ ಗಾಯಕ ಕಾಮರೋನ್ ದೆ ಲಾ ಇಸ್ಲಾ ಅವರ 'ಕಾಲದ ಪುರಾಣ' ಎಂಬರ್ಥದ ಹೆಸರಿನ ಆಲ್ಬಮ್ ಬಂದಾಗ, ಜಿಪ್ಸಿ ಕೇಳುಗರು ಅದನ್ನು ಅಂಗಡಿಗೆ ವಾಪಸ್ಸು ಒಯ್ದು, ಇದು ಕಾಮರೋನ್ ಅಲ್ಲ, ದುಡ್ಡು ಕೊಡಿ ಎಂದರು ಎಂಬ ಮಾತು ಇಂದಿಗೂ ಚಲಾವಣೆಯಲ್ಲಿದೆ. ಈಗ ಅದು ಫ್ಲಮೆಂಕೊ ಚರಿತ್ರೆಯ ಮೈಲಿಗಲ್ಲು. ಅದೇ ಕಾಮರೋನ್ ಅವರ ಕೊನೆಯ ಸ್ಟುಡಿಯೋ ಆಲ್ಬಮ್ 1992ರಲ್ಲಿ ಬಂತು. ಗಿಟಾರಿನಲ್ಲಿ ಪಾಕೊ ಮತ್ತು ತೊಮಾತೀತೊ, ಹೊದಿಕೆಯ ಮೇಲೆ ಮಿಕೆಲ್ ಬಾರ್ಸೆಲೊ ಅವರ ಚಿತ್ರ. ಅದೇ ವರ್ಷ ಜುಲೈ 2ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ಕಾಮರೋನ್ ತೀರಿಕೊಂಡರು, 41ರ ವಯಸ್ಸಿನಲ್ಲಿ. ಆ ಆಲ್ಬಮ್ಮಿನಲ್ಲಿ ಸಾವು ಕೇಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ, ಏಕೆಂದರೆ ಆ ದನಿಯಲ್ಲಿ ಉಸಿರು ಕಡಿಮೆಯಾದದ್ದು ಕಿವಿಗೇ ಗೊತ್ತಾಗುತ್ತದೆ. ಪಾಕೊ ಅವರ ಬೆರಳುಗಳಲ್ಲಿ ಅಂಥದ್ದೇನೂ ಇಲ್ಲ. ಅರವತ್ತು ದಾಟಿದ ಆ ಬೆರಳುಗಳು ಎಲ್ಲೂ ತಡವರಿಸುವುದಿಲ್ಲ. ಅದರಲ್ಲಿ ವಿದಾಯ ಕೇಳಿಸಿತು ಎನ್ನುವವರು ಪತ್ರಿಕೆಯಲ್ಲಿ ಓದಿದ್ದನ್ನು ತಂತಿಯಲ್ಲಿ ಕೇಳಿಸಿಕೊಳ್ಳುತ್ತಿದ್ದಾರೆ. ಮೊದಲ ವಾರ ನನಗೂ ಹಾಗೆಯೇ ಕೇಳಿಸಿತ್ತು.

ಹಾಗಾದರೆ ವಿದಾಯವನ್ನು ಬದಿಗಿಟ್ಟರೆ ಅಲ್ಲಿ ಕೇಳಿಸುವುದು ಏನು? ತಾನು ಗಾಯಕನಾಗಲು ಬಯಸಿ ಆಗದೆಹೋದವನು, ಸಂಕೋಚದಿಂದ ಗಿಟಾರಿನ ಹಿಂದೆ ಅಡಗಿಕೊಂಡವನು ಎಂದು ಪಾಕೊ ಅವರು ಹಲವು ಸಲ ಹೇಳಿಕೊಂಡಿದ್ದರು. ಮನೆಯಲ್ಲಿ ಹಾಡುವವರು ಇರಲಿಲ್ಲವೆಂದಲ್ಲ, ಅವರ ಸ್ವಂತ ಅಣ್ಣ ಪೆಪೆ ದೆ ಲುಸೀಯಾ ಗಾಯಕರು. ಕಾಮರೋನ್ ಅಂತೂ ಇಪ್ಪತ್ತು ವರ್ಷಗಳ ಸಂಗಾತಿ. ಸುತ್ತಲೂ ದನಿಗಳಿದ್ದಾಗ ತಾನೇಕೆ ಹಾಡಬೇಕು ಎನ್ನಿಸಿರಬಹುದು. 1998ರಲ್ಲಿ ತಾಯಿಯ ಹೆಸರಿನಲ್ಲೇ ಬಂದ 'ಲುಸೀಯಾ' ಆಲ್ಬಮ್ಮಿನಲ್ಲಿ, ಕಾಮರೋನ್ ನೆನಪಿನ ರಚನೆಯಲ್ಲಿ, ಅವರು ಕೊನೆಗೂ ಬಾಯಿ ತೆರೆದು ಹಾಡಿದರು. ಆ ದನಿ ಕೇಳಿದವರು ಮರೆಯುವುದಿಲ್ಲ: ಒರಟು, ಅಂಜುವ, ಯಾರೋ ಕೇಳಿಸಿಕೊಳ್ಳುತ್ತಿದ್ದಾರೆಂದು ಗೊತ್ತಾದರೆ ನಿಲ್ಲಿಸಿಬಿಡುವ ದನಿ. ಆ ದನಿಯೇ ಹದಿನಾರು ವರ್ಷದ ನಂತರ ತಂತಿಗೆ ಇಳಿದು ಬಂದಿದೆ ಎಂದು ಕೊನೆಯ ಆಲ್ಬಮ್ಮನ್ನು ಕೇಳಿದರೆ, ಫಾಲ್ಸೆತಾಗಳು ಏಕಿಲ್ಲ ಎಂಬ ಪ್ರಶ್ನೆ ತಾನಾಗಿ ಹಿಂದೆ ಸರಿಯುತ್ತದೆ. ಫಾಲ್ಸೆತಾ ಬರುವುದು ಹಾಡು ನಿಂತ ಜಾಗದಲ್ಲಿ. ಇಲ್ಲಿ ಗಿಟಾರೇ ಹಾಡುತ್ತಿದೆ.

ಗಿಟಾರು ಹಾಡುವುದು ಎಂದು ಬರೆಯುವುದು ಸುಲಭ, ಮಾಡುವುದು ಹಾಗಲ್ಲ. ಗಾಯಕಿ ಸಾಲಿನ ಕೊನೆಯ ಸ್ವರವನ್ನು ಹಿಡಿದು ಉಬ್ಬಿಸಬಲ್ಲಳು. ಗಿಟಾರಿನ ಸ್ವರ ಮೀಟಿದ ಕ್ಷಣದಿಂದಲೇ ಸಾಯತೊಡಗುತ್ತದೆ, ಫ್ಲಮೆಂಕೊ ಗಿಟಾರಿನದು ಇನ್ನೂ ಬೇಗ. ಸೈಪ್ರೆಸ್ ಮರದ ತೆಳು ಮೈ ದನಿಯನ್ನು ಥಟ್ಟನೆ ಹೊರಕ್ಕೆ ಎಸೆದು ಸುಮ್ಮನಾಗುತ್ತದೆ. ನಮ್ಮ ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದು ಮೂರು ನಾಲ್ಕು ಸ್ವರಗಳ ಗಮಕ ತೆಗೆಯಬಹುದು, ಆ ಸೌಕರ್ಯವೂ ನೈಲಾನ್ ತಂತಿಯ ಗಿಟಾರಿಗಿಲ್ಲ. ಪಾಕೊ ಅವರು ಮಾಡುವುದು ಇಷ್ಟು: ಮುಖ್ಯ ಸ್ವರವನ್ನು ತುಸು ತಡವಾಗಿ ಮೀಟುತ್ತಾರೆ, ಎಡಗೈ ಬೆರಳಿನಿಂದಲೇ ಪಕ್ಕದ ಸ್ವರವನ್ನು ಬಡಿದು ಜಾರಿಸುತ್ತಾರೆ, ಸ್ವರ ಸಾಯುವ ಹೊತ್ತಿಗೆ ಸರಿಯಾಗಿ ಕೆಳಗಿನ ತಂತಿಯಲ್ಲಿ ಇನ್ನೊಂದನ್ನು ಇಟ್ಟು ಮೊದಲನೆಯದು ಇನ್ನೂ ಉಳಿದಿದೆ ಎಂಬ ಭ್ರಮೆ ಹುಟ್ಟಿಸುತ್ತಾರೆ. 'ರೊಮಾನ್ಸೆ ದೆ ವಾಲೆಂತೀಯಾ' ಎಂಬ ಮೂರನೆಯ ಹಾಡನ್ನು, ಅದೇ ಬೆಳದಿಂಗಳ ಗೂಳಿಕಾಳಗದ ಹಾಡನ್ನು, ಹೆಡ್‌ಫೋನಿನಲ್ಲಿ ಕೇಳಿದರೆ ಈ ಕೈಚಳಕ ಸ್ಪಷ್ಟವಾಗುತ್ತದೆ. ಕದಿಯಲು ಏನೂ ಇಲ್ಲ ಎಂದ ಗೆಳೆಯನೇ ಒಂದು ತಿಂಗಳ ನಂತರ ಆ ತಡವನ್ನು ಕದಿಯಲು ಹೆಣಗುತ್ತ ಕುಳಿತಿದ್ದ. ಅದು ಬೆರಳಿನ ವಿಷಯವಲ್ಲವಾದ್ದರಿಂದ ಅವನಿಗೆ ಸಿಕ್ಕಿರಲಿಲ್ಲ.

ಮೈಸೂರಿನಲ್ಲಿ ಪಿಟೀಲು ಕಲಿಸುವ ಹಳೆಯ ಸಹಪಾಠಿಯೊಬ್ಬನಿಗೆ ಆಲ್ಬಮ್ಮನ್ನು ಕೇಳಿಸಿದಾಗ ಅವನ ಮೊದಲ ಮಾತು "ಇದು ವಕುಳಾಭರಣ ಅಲ್ವೇನೋ?" ಎಂಬುದು. ನಮ್ಮಲ್ಲಿ ಫ್ಲಮೆಂಕೊ ಕೇಳಿದವರಲ್ಲಿ ಹತ್ತಕ್ಕೆ ಎಂಟು ಜನರ ಪ್ರತಿಕ್ರಿಯೆ ಹೀಗೆಯೇ ಇರುತ್ತದೆ. ಸ್ವರಗಳ ಲೆಕ್ಕದಲ್ಲಿ ಅವನದು ತಪ್ಪಲ್ಲ. ಫ್ಲಮೆಂಕೊದ ಮುಖ್ಯ ಸ್ವರಶ್ರೇಣಿ ನಮ್ಮ ತೋಡಿಯದೇ; ಅದರಲ್ಲಿ ಸಾಧಾರಣ ಗಾಂಧಾರದ ಬದಲು ಅಂತರ ಗಾಂಧಾರ ಬಂದಾಗ ವಕುಳಾಭರಣವಾಗುತ್ತದೆ, ಅವರು ಎರಡು ಗಾಂಧಾರಗಳನ್ನೂ ಬಳಸುತ್ತಾರೆ. ಜಿಪ್ಸಿಗಳ ಪೂರ್ವಿಕರು ಭಾರತದಿಂದ ಹೋದವರು ಎಂಬುದೂ ಅವರ ಭಾಷೆಯ ಬೇರುಗಳಿಂದ ತಿಳಿಯುತ್ತದೆ. ಆದರೆ ಇಲ್ಲಿಂದ ಮುಂದೆ 'ಎಲ್ಲವೂ ನಮ್ಮದೇ' ಎನ್ನುವ ಜಾರುಬಂಡೆ ಶುರುವಾಗುತ್ತದೆ, ನನಗೆ ಅದು ಇಷ್ಟವಿಲ್ಲ. ಪಾಕೊ ಅವರು ಜಿಪ್ಸಿಯಲ್ಲ. ಈ ಆಲ್ಬಮ್ಮಿನ ಹೆಚ್ಚಿನ ಧಾಟಿಗಳು ಕಿರೋಗಾ ಎಂಬ ಸೆವಿಯ್ಯಾದ ಸಂಗೀತಗಾರ ರಂಗಮಂಚಕ್ಕೂ ರೇಡಿಯೋಗೂ ಬೇಕಾಗುವಂತೆ ಕಟ್ಟಿದವು. ಮುಂದೆ ಇನ್ನೊಂದು ದಿನ ಆ ಸಹಪಾಠಿಯೇ ಫೋನು ಮಾಡಿ, "ರಾಗ ಬಿಡು ಮಾರಾಯ, ಇದು ನಾಟಕ ಕಂಪನಿ ಹಾಡಿನ ಥರ ಇದೆ," ಎಂದ. ಈ ಮಾತು ಹತ್ತಿರ ಬಂತು. ಮಲ್ಲಿಕಾರ್ಜುನ ಮನ್ಸೂರರು ಚಿಕ್ಕಂದಿನಲ್ಲಿ ನಾಟಕ ಕಂಪನಿಯಲ್ಲಿ ಹಾಡಿದವರು. ಅವರು ವೃದ್ಧಾಪ್ಯದಲ್ಲಿ ಅಪರೂಪದ ರಾಗಗಳನ್ನೆಲ್ಲ ಬದಿಗಿಟ್ಟು ಆ ರಂಗಗೀತೆಗಳನ್ನೇ, ಒಂದು ಆಲಾಪವನ್ನೂ ಸೇರಿಸದೆ, ಹಾಡಿಟ್ಟು ಹೋಗಿದ್ದರೆ ಧಾರವಾಡದ ರಸಿಕರು ಏನೆನ್ನುತ್ತಿದ್ದರು ಎಂದು ಊಹಿಸಿಕೊಂಡರೆ, ನನ್ನ ಗೆಳೆಯನ ಸಂಕಟ ಕನ್ನಡ ಕೇಳುಗರಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಆಲ್ಬಮ್ಮಿನಲ್ಲಿ ದನಿಗಳೇ ಇಲ್ಲವೆಂದಲ್ಲ. ನಾಲ್ಕನೆಯ ಹಾಡನ್ನು ಎಸ್ತ್ರೆಯಾ ಮೊರೆಂತೆ ಹಾಡಿದ್ದಾರೆ, ಬಹಳ ಚೆನ್ನಾಗಿ. 'ಸಾಂಬ್ರಾ ಹಿತಾನಾ' ಹಾಡಿದವರು ಪಾರೀತಾ. ಅದರ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ, ಆ ದನಿ ಮತ್ತು ಆ ಗಿಟಾರು ಬೇರೆ ಬೇರೆ ಕೋಣೆಗಳಲ್ಲಿ ಕುಳಿತಂತಿವೆ. ದನಿ ಬಂದಾಗಲೆಲ್ಲ ಗಿಟಾರು ಕೂಡಲೇ ಹಿಂದಕ್ಕೆ ಸರಿದು ಜಾಗ ಬಿಟ್ಟುಕೊಡುವುದು ಮಾತ್ರ ಗಮನಿಸುವಂತಿದೆ. ಕಾಮರೋನ್ ಜೊತೆ ಕುಳಿತು ಬಂದ ಅಭ್ಯಾಸ ಅದು.

ಇವುಗಳ ನಡುವೆ ಐದನೆಯದಾಗಿ ಬರುವ 'ಲಾ ಚಿಕೀತಾ ಪಿಕೊನೇರಾ' ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಇದ್ದಿಲ ಹುಡುಗಿ ಎಂದು ಅನುವಾದಿಸಬಹುದು. ಹಾಡು ಹುಟ್ಟಿದ್ದು ಒಂದು ವರ್ಣಚಿತ್ರದಿಂದ. ಕೊರ್ದೊಬಾದ ಹೂಲಿಯೊ ರೊಮೆರೊ ದೆ ತೊರ್ರೆಸ್ ಅದನ್ನು ಬರೆದು ಮುಗಿಸಿದ್ದು 1930ರಲ್ಲಿ, ತಾವು ಸಾಯುವ ಕೆಲವೇ ತಿಂಗಳ ಮುಂಚೆ. 2014ರ ಬೇಸಿಗೆಯಲ್ಲಿ ನಾನು ಅದನ್ನು ನೋಡಲೆಂದೇ ಕೊರ್ದೊಬಾಗೆ ಹೋದೆ. ಹುಡುಗಿ ಕುರ್ಚಿಯ ಮೇಲೆ ಕುಳಿತು ಮುಂದಕ್ಕೆ ಬಾಗಿದ್ದಾಳೆ, ಎದುರಿಗೆ ತಾಮ್ರದ ಅಗ್ಗಿಷ್ಟಿಕೆ, ಕೆಂಡ ಕೆದಕುವ ಸಟ್ಟುಗ ಕೈಯಲ್ಲಿ. ಹಿಂದಿನ ತೆರೆದ ಬಾಗಿಲಾಚೆ ಸಂಜೆಯ ನದಿ, ಸೇತುವೆ. ಅವಳು ಕೆಂಡವನ್ನು ನೋಡುತ್ತಿಲ್ಲ, ನೇರವಾಗಿ ನಮ್ಮನ್ನೇ ನೋಡುತ್ತಿದ್ದಾಳೆ, ಆ ನೋಟದಲ್ಲಿ ದೂರೂ ಇಲ್ಲ ಕರೆಯೂ ಇಲ್ಲ. ಚಿತ್ರದ ಮುಂದೆ ನಿಂತಿದ್ದ ಪ್ರವಾಸಿಗಳ ಗುಂಪಿಗೆ ಮಾರ್ಗದರ್ಶಕಿ ಇದು ಕಲಾವಿದನ ಮರಣಶಾಸನ ಎಂಬಂತೆ ವಿವರಿಸುತ್ತಿದ್ದರು, ಗುಂಪಿನವರು ತಲೆದೂಗುತ್ತಿದ್ದರು. ನಾನೂ ಕಿವಿಯಲ್ಲಿ ಪಾಕೊ ಅವರ ಗಿಟಾರು ಇಟ್ಟುಕೊಂಡೇ ನಿಂತಿದ್ದೆ, ಇನ್ನೊಬ್ಬ ಸತ್ತವರ ಕೊನೆಯ ಕೃತಿಯನ್ನು ಕೇಳುತ್ತ. ಹುಡುಗಿಯ ಕಾಲ್ಚೀಲ ಒಂದು ಕಾಲಿನಲ್ಲಿ ಇನ್ನೊಂದಕ್ಕಿಂತ ತುಸು ಕೆಳಗೆ ಜಾರಿದಂತೆ ನನಗೆ ಕಂಡಿತು. ಅವಳಿಗೆ ಕಲಾವಿದನ ಸಾವಿನ ಸುದ್ದಿ ತಿಳಿದಂತಿರಲಿಲ್ಲ.

2014ರ ನವೆಂಬರಿನಲ್ಲಿ ಈ ಆಲ್ಬಮ್ಮಿಗೆ ಲ್ಯಾಟಿನ್ ಗ್ರ್ಯಾಮಿ ಪ್ರಶಸ್ತಿ ಬಂತು. ಫ್ಲಮೆಂಕೊ ವಿಭಾಗದ್ದು ಮಾತ್ರವಲ್ಲ, ವರ್ಷದ ಅತ್ಯುತ್ತಮ ಆಲ್ಬಮ್ ಎಂಬ ಅಗ್ರ ಪ್ರಶಸ್ತಿಯೂ ಸಿಕ್ಕಿತು. ಗೆಳೆಯನಿಗೆ ಫೋನು ಮಾಡಿದರೆ, "ಸಿರೋಕೊ ಬಂದ ವರ್ಷ ಈ ಪ್ರಶಸ್ತಿಯೇ ಇರಲಿಲ್ಲ ನೋಡು," ಎಂದಷ್ಟೇ ಹೇಳಿದ. ಸತ್ತವರಿಗೆ ಕೊಟ್ಟ ಮರ್ಯಾದೆ ಅದು ಎಂದು ಅವನ ಭಾವ. ಇದ್ದರೂ ಇದ್ದೀತು. ಪ್ರಶಸ್ತಿಗೆ ಮತ ಹಾಕಿದವರ ಕಿವಿಗಳೂ ನಮ್ಮ ಕಿವಿಗಳಂತೆಯೇ ಸುದ್ದಿ ಓದಿದ ಕಿವಿಗಳು.

ಏಳನೆಯ ಹಾಡು 'ಕಿರೋಗಾ ಪೋರ್ ಬುಲೆರಿಯಾಸ್'. ಹೆಸರೇ ಹೇಳುವಂತೆ ಕಿರೋಗಾ ಅವರ ಕೋಪ್ಲಾ ಸಂಗೀತವನ್ನು ಇಲ್ಲಿ ಬುಲೆರಿಯಾ ಎಂಬ ಫ್ಲಮೆಂಕೊ ಲಯಕ್ಕೆ ಕೂರಿಸಿದೆ. ಬುಲೆರಿಯಾದ ಆವರ್ತನ 12 ಎಣಿಕೆಗಳದು, ಪೆಟ್ಟು ಬೀಳುವುದು 12, 3, 6, 8, 10ರ ಮೇಲೆ. ಮೊದಲು ಮೂರು ಮೂರು, ಆಮೇಲೆ ಎರಡು ಎರಡು. ನಮ್ಮ ತಾಳಕ್ಕೆ ಒಗ್ಗಿದವರಿಗೂ ಮೊದಮೊದಲು ಕಾಲು ತಪ್ಪುತ್ತದೆ. ಸಾವಧಾನದ ರಂಗಗೀತೆಯನ್ನು ಹೀಗೆ ಹನ್ನೆರಡರ ಕುಣಿತಕ್ಕೆ ಹಚ್ಚಿದಾಗ ಗೆಳೆಯನ ಮುಖ ಅರಳುತ್ತಿತ್ತು. ಅವನಿಗೆ ಬೇಕಾದ ಪಾಕೊ ಇಲ್ಲಿ ಸಿಗುತ್ತಿದ್ದರು. ಅವನು ಆಲ್ಬಮ್ಮನ್ನು ಪ್ರತಿ ಸಲವೂ ಇಲ್ಲಿಗೇ ನಿಲ್ಲಿಸುತ್ತಿದ್ದ. ವಿದಾಯವೆಂದು ಕೇಳುವವರೂ ಇಲ್ಲಿಗೇ ನಿಲ್ಲಿಸುತ್ತಾರೆ ಎಂಬುದನ್ನು ನಾನು ಆಮೇಲೆ ಗಮನಿಸಿದೆ, ಏಕೆಂದರೆ ಎಂಟನೆಯ ಹಾಡು ಯಾರ ವಿದಾಯಕ್ಕೂ ಹೊಂದುವುದಿಲ್ಲ. ಅದು 'ಸೆನ್ಯೊರೀತಾ'. ವೆನೆಜುವೆಲಾದ ಸಾಲ್ಸಾ ಗಾಯಕ ಓಸ್ಕರ್ ದೆ ಲೆಯೋನ್ ತುಂಬು ಗಂಟಲಿನಲ್ಲಿ, ನಗುನಗುತ್ತ ಹಾಡುವ ಹಾಡು. ಅಟ್ಲಾಂಟಿಕ್ ಸಾಗರದ ಆಚೆ ದಡದ ಕುಣಿತದ ಮನೆಯ ಗಾಳಿ ಅದರಲ್ಲಿದೆ.

ಆ ಶನಿವಾರ ನಾನು ಅದನ್ನು ನಿಲ್ಲಿಸಿರಲಿಲ್ಲ. ಒಡತಿ ಸುಲಿದ ಕಾಳನ್ನೆಲ್ಲ ಪಾತ್ರೆಗೆ ಸುರಿದು, ಸಿಪ್ಪೆಯನ್ನು ಪತ್ರಿಕೆಯಲ್ಲೇ ಸುತ್ತಿ ಎದ್ದಿದ್ದರು. ಪಾಕೊ ಅವರು ಸತ್ತದ್ದು ಅವರಿಗೆ ಗೊತ್ತಿತ್ತು. ಟೀವಿಯಲ್ಲಿ ಶವಯಾತ್ರೆ ನೋಡಿ ಅತ್ತಿದ್ದರು ಕೂಡ. ಸೆನ್ಯೊರೀತಾ ಶುರುವಾದಾಗ ಅವರು ಒಲೆಯ ಮುಂದೆ ನಿಂತು ಎರಡು ಸಲ ಸೊಂಟ ತಿರುಗಿಸಿ, ಮಂಡಿ ನೋವು ನೆನಪಾಗಿ ಬೈದುಕೊಂಡು, ಎಣ್ಣೆಗೆ ಬೆಳ್ಳುಳ್ಳಿ ಹಾಕಿದರು. ಹಾಡು ಮುಗಿದ ಮೇಲೆ ನನ್ನ ಕಡೆ ತಿರುಗಿ, ಎರಡನೆಯದನ್ನು ಮತ್ತೆ ಹಾಕು, ಆಗ ನಾನು ಹಾಡುವುದನ್ನು ನಡುವೆ ನಿಲ್ಲಿಸಿಬಿಟ್ಟೆ ಎಂದರು.